‘ಬರೆದಾಯಿತು’ ಎಂಬ ಮಾತಿನ ಹೊಣೆ

ಪರರು ನಂಬಿ ಒಪ್ಪಿಸಿದ ವಸ್ತುವನ್ನು ಕೆಡದಂತೆ ಕಾಪಾಡಿ, ಕೇಳಿದಾಗ ಇದ್ದ ಹಾಗೆಯೇ ಹಿಂದಿರುಗಿಸುವುದು ವ್ಯವಹಾರಧರ್ಮದ ಮೊದಲ ಪಾಠ. ಒಂದು ಕಾಲದಲ್ಲಿ ಆ ವಸ್ತು ನಾಣ್ಯವಾಗಿತ್ತು, ಒಡವೆಯಾಗಿತ್ತು, ಧಾನ್ಯದ ಮೂಟೆಯಾಗಿತ್ತು. ಈಗ ಅದು ಬಹುಮಟ್ಟಿಗೆ ಬರಹವಾಗಿದೆ. ಬ್ಯಾಂಕಿನಲ್ಲಿರುವ ಹಣವೂ, ಆಸ್ಪತ್ರೆಯಲ್ಲಿರುವ ರೋಗಿಯ ವೃತ್ತಾಂತವೂ, ಜಮೀನಿನ ಪಹಣಿಯೂ ಕೊನೆಗೆ ಯಾವುದೋ ಯಂತ್ರದ ಡಿಸ್ಕಿನ ಮೇಲಿನ ಗುರುತುಗಳೇ. ಈ ಬರಹವನ್ನು ಕಾಯುವ ತಂತ್ರಾಂಶವನ್ನು ರಚಿಸುವವರೂ ದುರಸ್ತಿ ಮಾಡುವವರೂ ಜನರ ಕಣ್ಣಿಗೆ ಬೀಳುವುದಿಲ್ಲ. ಆದರೆ ಅವರು ನಿತ್ಯ ಎದುರಿಸುವ ನೈತಿಕ ಪ್ರಶ್ನೆಯು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವ್ಯಾಪಾರಿಗೆ ಅಪರಿಚಿತವಾದುದೇನಲ್ಲ.

ದೊಡ್ಡ ಸಂಗ್ರಹವನ್ನು ಒಂದೇ ಯಂತ್ರದಲ್ಲಿ ಇಡುವುದು ಸಾಧ್ಯವೂ ಅಲ್ಲ, ಕ್ಷೇಮವೂ ಅಲ್ಲ. ಡಿಸ್ಕು ಕೆಡುತ್ತದೆ, ವಿದ್ಯುತ್ತು ಹೋಗುತ್ತದೆ, ತಂತಿ ಕಡಿಯುತ್ತದೆ. ಗೂಗಲ್ ಸಂಸ್ಥೆಯ ತಂತ್ರಜ್ಞರು ತಮ್ಮ ಕಡತ ವ್ಯವಸ್ಥೆಯನ್ನು ಕುರಿತು 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬಿಡಿಭಾಗಗಳ ವೈಫಲ್ಯವು ಅಪವಾದವಲ್ಲ, ನಿತ್ಯದ ಸಂಗತಿ ಎಂದು ಒಪ್ಪಿಕೊಂಡೇ ಮುಂದುವರಿದರು. ಅಲ್ಲಿ ಪ್ರತಿಯೊಂದು ತುಣುಕಿಗೂ ಸಾಮಾನ್ಯವಾಗಿ ಮೂರು ಪ್ರತಿಗಳು, ಅವೂ ಬೇರೆ ಬೇರೆ ಯಂತ್ರಗಳಲ್ಲಿ. ಹೀಗೆ ಹಂಚಿ ಇಡುವ ಕ್ರಮಕ್ಕೆ ವಿತರಿತ ಸಂಗ್ರಹ ಎಂದು ಹೆಸರು. ಪ್ರತಿಗಳು ಹೆಚ್ಚಿದಂತೆ ಭದ್ರತೆ ಹೆಚ್ಚುತ್ತದೆ ಎಂಬುದು ನಿಜ. ಜೊತೆಗೇ ಆ ಪ್ರತಿಗಳು ಪರಸ್ಪರ ತಾಳೆಯಾಗದಿರುವ ಸಂಭವವೂ ಹೆಚ್ಚುತ್ತದೆ.

ಇದನ್ನು ಅರಿಯಲು ಗ್ಲಸ್ಟರ್ ಎಂಬ ತಂತ್ರಾಂಶದ ಉದಾಹರಣೆ ಸಾಕು. ಇದರ ರಚನೆಯಲ್ಲಿ ಬೆಂಗಳೂರಿನ ತಂತ್ರಜ್ಞರ ಪಾಲು ದೊಡ್ಡದು. ಅದನ್ನು ನಡೆಸುತ್ತಿದ್ದ ಸಂಸ್ಥೆಯನ್ನು ರೆಡ್ ಹ್ಯಾಟ್ 2011ರಲ್ಲಿ ಸುಮಾರು 13.6 ಕೋಟಿ ಡಾಲರುಗಳಿಗೆ ಕೊಂಡಿತು. ಅದರ ಆಧಾರದ ಮೇಲೆ ಮಾರುತ್ತಿದ್ದ ಸರಕಿಗೆ 2024ರ ಕೊನೆಯಲ್ಲಿ ತನ್ನ ಬೆಂಬಲವನ್ನು ನಿಲ್ಲಿಸಿತು. ಆದರೂ ಅದರೊಳಗಿನ ಲೆಕ್ಕದ ಕ್ರಮ ಇಂದಿಗೂ ಗಮನಾರ್ಹವಾಗಿದೆ. ಒಂದು ಕಡತಕ್ಕೆ ಎರಡು ಪ್ರತಿಗಳಿವೆ ಎನ್ನೋಣ. ಬರೆಯುವ ಮುನ್ನ ಪ್ರತಿಯೊಂದು ಯಂತ್ರವೂ ‘ಕೆಲಸ ಬಾಕಿ ಇದೆ’ ಎಂದು ಗುರುತು ಹಾಕಿಕೊಳ್ಳುತ್ತದೆ. ಎರಡೂ ಕಡೆ ಬರಹ ಮುಗಿದ ಮೇಲೆ ಆ ಬಾಕಿಯನ್ನು ತೀರಿಸಲಾಗುತ್ತದೆ. ನಡುವೆ ಒಂದು ಯಂತ್ರ ನಿಂತುಹೋದರೆ, ಉಳಿದದ್ದರ ಲೆಕ್ಕದಲ್ಲಿ ಅದರ ಹೆಸರಿಗೆ ಬಾಕಿ ಹಾಗೆಯೇ ನಿಲ್ಲುತ್ತದೆ. ನಿಂತ ಯಂತ್ರ ಮರಳಿ ಬಂದಾಗ ಈ ಬಾಕಿಯನ್ನು ನೋಡಿ ಅದರ ಪ್ರತಿಯನ್ನು ಸರಿಪಡಿಸಲಾಗುತ್ತದೆ. ಅಂಗಡಿಯ ಉದ್ದರಿ ಪುಸ್ತಕಕ್ಕಿಂತ ಇದು ಬೇರೆಯಲ್ಲ.

ಕಷ್ಟ ಬರುವುದು ಎರಡೂ ಯಂತ್ರಗಳು ಪರಸ್ಪರರ ಮೇಲೆ ಬಾಕಿ ತೋರಿಸಿದಾಗ. ಮೊದಲು ಒಂದು ನಿಂತಿದ್ದು, ಬಳಿಕ ಇನ್ನೊಂದು ನಿಂತು, ಎರಡೂ ತಮ್ಮ ತಮ್ಮ ಪಾಡಿಗೆ ಬರೆದುಕೊಂಡಿದ್ದರೆ ‘ನನ್ನದೇ ಸರಿ’ ಎಂದು ಎರಡೂ ಹೇಳುತ್ತವೆ. ಪಾಲಾದ ಅಣ್ಣತಮ್ಮಂದಿರ ಎರಡು ಖಾತೆ ಪುಸ್ತಕಗಳಂತೆ, ಎರಡರಲ್ಲೂ ಸತ್ಯದ ಅಂಶವಿದೆ, ಯಾವುದೊಂದೂ ಪೂರ್ಣವಲ್ಲ. ಇದನ್ನು ಯಂತ್ರ ತಾನಾಗಿ ಬಗೆಹರಿಸಲಾರದು. ಇದಕ್ಕೆ ಪರಿಹಾರವೆಂದು 2015ರಲ್ಲಿ ಬಂದ ಆವೃತ್ತಿಯಲ್ಲಿ ಮೂರನೆಯ ಮಧ್ಯಸ್ಥ ಯಂತ್ರವೊಂದನ್ನು ಇಡಲು ಅವಕಾಶ ಕಲ್ಪಿಸಲಾಯಿತು. ಅದು ಕಡತದ ಒಳಗಿನ ಮಾಹಿತಿಯನ್ನು ಇಟ್ಟುಕೊಳ್ಳುವುದಿಲ್ಲ. ಹೆಸರನ್ನೂ ಬಾಕಿಯ ಲೆಕ್ಕವನ್ನೂ ಮಾತ್ರ ಇಟ್ಟುಕೊಳ್ಳುತ್ತದೆ. ಮೂವರಲ್ಲಿ ಇಬ್ಬರು ಕೂಡದೆ ಬರಹಕ್ಕೆ ಅನುಮತಿಯೇ ಇಲ್ಲ. ಆಸ್ತಿಯಲ್ಲಿ ಪಾಲಿಲ್ಲದ ಸಾಕ್ಷಿಯೊಬ್ಬನಿದ್ದರೆ ವಿವಾದವೇ ಹುಟ್ಟುವುದಿಲ್ಲವೆಂಬುದು ಹಿರಿಯರು ಕಂಡುಕೊಂಡ ವಿವೇಕವೂ ಹೌದು.

ತಪ್ಪನ್ನು ತಿದ್ದುವುದು ಒಂದು ಕೆಲಸವಾದರೆ, ವೇಗವನ್ನು ಹೆಚ್ಚಿಸುವುದು ಇನ್ನೊಂದು. ಪ್ರಲೋಭನೆ ಹೊಂಚು ಹಾಕಿರುವುದು ಈ ಎರಡನೆಯದರಲ್ಲಿ. ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬರ ಮಗ ಬೆಂಗಳೂರಿನಲ್ಲಿ ಇಂಥದೇ ಕೆಲಸದಲ್ಲಿದ್ದಾನೆ. ಸಣ್ಣ ಸಣ್ಣ ಕಡತಗಳನ್ನು ಬರೆಯುವಾಗ ವ್ಯವಸ್ಥೆ ನಿಧಾನವೆಂದು ಗಿರಾಕಿಯೊಬ್ಬರು ದೂರಿತ್ತಿದ್ದರು. ಅವನು ಪರಿಶೀಲಿಸಿದಾಗ ಕಾರಣ ಸ್ಪಷ್ಟವಾಯಿತು: ಪ್ರತಿ ಬರಹವೂ ಡಿಸ್ಕನ್ನು ತಲುಪುವವರೆಗೆ ಕಾದು, ಅನಂತರವೇ ‘ಬರೆದಾಯಿತು’ ಎಂಬ ಉತ್ತರ ಹೋಗುತ್ತಿತ್ತು. ಯಂತ್ರದ ತಾತ್ಕಾಲಿಕ ನೆನಪಿಗೆ ಬಂದೊಡನೆ ಉತ್ತರ ಕೊಡುವಂತೆ ಮಾಡಿದರೆ ವೇಗ ಹಲವು ಪಟ್ಟು ಏರುತ್ತಿತ್ತು. ಬದಲಾಯಿಸಬೇಕಾದದ್ದು ಕೆಲವೇ ಸಾಲು. ಆದರೆ ಪ್ರಯೋಗಾಲಯದಲ್ಲಿ ಯಂತ್ರಗಳ ವಿದ್ಯುತ್ತನ್ನು ಏಕಾಏಕಿ ಕಡಿದು ನೋಡಿದಾಗ, ‘ಬರೆದಾಯಿತು’ ಎಂದು ಉತ್ತರ ಪಡೆದಿದ್ದ ಕೆಲವು ಕಡತಗಳು ಎಲ್ಲಿಯೂ ಇರಲಿಲ್ಲ. ನೆನಪು ವಿದ್ಯುತ್ತಿನೊಂದಿಗೆ ಅಳಿದುಹೋಗಿತ್ತು.

ದೀಪಾವಳಿಗೆ ಊರಿಗೆ ಬಂದಾಗ ಅವನು ತಂದೆಯ ಮುಂದೆ ಈ ವಿಷಯವನ್ನು ಎತ್ತಿದ.

“ಅಪ್ಪಾಜಿ, ಹೀಗೆ ವಿದ್ಯುತ್ತು ಹೋಗುವುದು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ. ಅದಕ್ಕಾಗಿ ದಿನವೂ ಎಲ್ಲರನ್ನೂ ಕಾಯಿಸಬೇಕೆ?”

“ಹಣ ಕೊಟ್ಟವನಿಗೆ ನೀನು ಏನೆಂದು ಹೇಳುತ್ತೀ? ಕೈಗೆ ಬಂತು ಎನ್ನುತ್ತೀಯೋ, ಕೀರ್ದಿಗೆ ಬಿತ್ತು ಎನ್ನುತ್ತೀಯೋ?”

“ಬರೆದಾಯಿತು ಎನ್ನುತ್ತೇವೆ.”

“ಬರೆದಿದ್ದರೆ ಹಾಗೆ ಹೇಳು. ಬರೆದಿಲ್ಲದಿದ್ದರೆ ಕೈಗೆ ಬಂದಿದೆ ಎಂದಷ್ಟೇ ಹೇಳು. ಕಾಯಬೇಕೆನ್ನುವವನು ಕಾಯಲಿ, ಹೋಗಬೇಕೆನ್ನುವವನು ಹೋಗಲಿ. ಯಾವುದೆಂದು ಅವನಿಗೆ ಗೊತ್ತಿರಬೇಕು, ಅಷ್ಟೆ.”

ತಂದೆಗೆ ಗಣಕಯಂತ್ರ ತಿಳಿಯದು. ಆದರೆ ಗುಮಾಸ್ತನೊಬ್ಬ ಬಂದ ಹಣವನ್ನು ಚೀಟಿಯಲ್ಲಿ ಗುರುತು ಹಾಕಿ, ಸಂಜೆಗೆ ಕೀರ್ದಿಗೆ ಇಳಿಸುವ ಮೊದಲೇ ಚೀಟಿ ಕಳೆದುಕೊಂಡರೆ ಏನಾಗುವುದೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಆ ದಿನ ಶಿಲ್ಕು ತಾಳೆಯಾಗದು; ಹಣ ಕೊಟ್ಟವನ ಮಾತಿಗೂ ಅಂಗಡಿಯ ಪುಸ್ತಕಕ್ಕೂ ನಡುವೆ ಯಾರೂ ತೀರಿಸಲಾಗದ ಜಗಳ ಹುಟ್ಟುತ್ತದೆ.

ಈ ಮಾತಿನ ತೂಕವೆಷ್ಟೆಂಬುದಕ್ಕೆ 2018ರಲ್ಲಿ ಬೆಳಕಿಗೆ ಬಂದ ಸಂಗತಿಯೊಂದು ಸಾಕ್ಷಿ. ಪೋಸ್ಟ್‌ಗ್ರೆಸ್ ಎಂಬುದು ಜಗತ್ತಿನಾದ್ಯಂತ ಬಳಕೆಯಲ್ಲಿರುವ, ನಂಬಿಕೆಗೆ ಹೆಸರಾದ ದತ್ತಸಂಚಯ ತಂತ್ರಾಂಶ. ನೆನಪಿನಲ್ಲಿರುವುದನ್ನು ಡಿಸ್ಕಿಗೆ ಇಳಿಸಿ ಖಚಿತಪಡಿಸು ಎಂದು ಅದು ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ಕೇಳುತ್ತಿತ್ತು. ಡಿಸ್ಕಿನ ದೋಷದಿಂದ ಅದು ವಿಫಲವಾದರೆ ಪುನಃ ಕೇಳುತ್ತಿತ್ತು. ಎರಡನೆಯ ಬಾರಿ ‘ಆಯಿತು’ ಎಂಬ ಉತ್ತರ ಬಂದರೆ ನೆಮ್ಮದಿ. ಆದರೆ ಲಿನಕ್ಸ್, ದೋಷವನ್ನು ಒಮ್ಮೆ ತಿಳಿಸಿದ ಮೇಲೆ ಆ ಪುಟವನ್ನು ‘ಬರೆಯಲು ಬಾಕಿಯಿಲ್ಲ’ ಎಂದು ಗುರುತಿಸಿಬಿಡುತ್ತಿತ್ತು. ಆದ್ದರಿಂದ ಎರಡನೆಯ ಉತ್ತರದ ‘ಆಯಿತು’ ಎಂಬುದಕ್ಕೆ ಅರ್ಥವೇ ಇರಲಿಲ್ಲ. ಬರಹ ಡಿಸ್ಕಿನ ಮೇಲೆ ಇರಲಿಲ್ಲ. ಇಬ್ಬರಲ್ಲಿ ಯಾರೂ ಮೋಸ ಮಾಡಲು ಹೊರಟವರಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ತಮಗೆ ತೋಚಿದಂತೆ ಅರ್ಥೈಸಿಕೊಂಡಿದ್ದರು, ಅದೂ ಸುಮಾರು ಎರಡು ದಶಕಗಳ ಕಾಲ. 2019ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿಯ ಸಾರ ಇಷ್ಟೇ: ಖಚಿತಪಡಿಸುವ ಕೆಲಸ ಒಮ್ಮೆ ವಿಫಲವಾದರೆ ಮುಂದುವರಿಯಬೇಡ, ನಿಂತುಬಿಡು, ಮೊದಲೇ ಬರೆದಿಟ್ಟ ರೋಜುಕೀರ್ದಿಯಿಂದ ಲೆಕ್ಕವನ್ನು ಪುನಃ ಕಟ್ಟು. ಸಂದೇಹ ಬಂದಾಗ ಅಂಗಡಿ ಮುಚ್ಚಿ ಲೆಕ್ಕ ನೋಡುವುದು ನಷ್ಟವೆನಿಸಬಹುದು. ಸಂದೇಹವನ್ನು ಮುಚ್ಚಿ ಅಂಗಡಿ ನಡೆಸುವುದು ಅದಕ್ಕಿಂತ ದೊಡ್ಡ ನಷ್ಟ.

ಹಾಗಾದರೆ ವೇಗಕ್ಕೂ ಸತ್ಯಕ್ಕೂ ವೈರವಿದೆಯೆ? ಇಲ್ಲ. ನಿಧಾನಕ್ಕೆ ಕಾರಣ ಬಹಳ ಸಲ ಪ್ರಾಮಾಣಿಕತೆಯಲ್ಲ, ಕ್ರಮವಿಲ್ಲದ ಕೆಲಸ. ಸೆಫ್ ಎಂಬ ಇನ್ನೊಂದು ವಿತರಿತ ಸಂಗ್ರಹವು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕೇಂದ್ರದ ಸಂಶೋಧನೆಯಿಂದ ಹುಟ್ಟಿತು. ಅದರ ಪ್ರಬಂಧ 2006ರಲ್ಲಿ ಪ್ರಕಟವಾಯಿತು. ಹಲವು ವರ್ಷ ಅದು ಸಾಮಾನ್ಯ ಕಡತ ವ್ಯವಸ್ಥೆಯ ಮೇಲೆ ನಿಂತು, ಒಂದೇ ಮಾಹಿತಿಯನ್ನು ಮೊದಲು ಕೀರ್ದಿಯಲ್ಲಿ, ಬಳಿಕ ಕಡತದಲ್ಲಿ, ಹೀಗೆ ಎರಡೆರಡು ಸಲ ಬರೆಯುತ್ತಿತ್ತು. 2017ರ ಆವೃತ್ತಿಯಿಂದ ಅದು ಡಿಸ್ಕಿನ ಮೇಲೆ ನೇರವಾಗಿ ಬರೆಯುವ ಹೊಸ ಕ್ರಮಕ್ಕೆ ಬಂದು ಈ ದುಂದನ್ನು ಬಹುಮಟ್ಟಿಗೆ ನಿವಾರಿಸಿತು. ಜೊತೆಗೆ ಪ್ರತಿ ತುಣುಕಿಗೂ ತಾಳೆಸಂಖ್ಯೆಯೊಂದನ್ನು ಇಟ್ಟು, ಓದುವಾಗಲೆಲ್ಲ ಅದನ್ನು ಪರೀಕ್ಷಿಸತೊಡಗಿತು. ವೇಗವೂ ಹೆಚ್ಚಿತು, ಎಚ್ಚರವೂ ಹೆಚ್ಚಿತು.

ಅಳತೆಯ ವಿಷಯದಲ್ಲಿಯೂ ಪ್ರಾಮಾಣಿಕತೆ ಬೇಕು. ಸರಾಸರಿ ಎಂಬುದು ದೋಷವನ್ನು ಮರೆಮಾಡುವ ಪರದೆ. ಗೂಗಲ್ಲಿನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರಲ್ಲಿ ಸರಳ ಲೆಕ್ಕವೊಂದನ್ನು ಮುಂದಿಟ್ಟರು. ಒಂದು ಯಂತ್ರ ನೂರರಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡಿಗಿಂತ ತಡಮಾಡುತ್ತದೆ ಎನ್ನಿ. ಒಂದು ಕೋರಿಕೆ ಪೂರೈಸಲು ಅಂಥ 100 ಯಂತ್ರಗಳ ಉತ್ತರವೂ ಬೇಕಾದರೆ, ಶೇಕಡಾ 63ರಷ್ಟು ಕೋರಿಕೆಗಳು ತಡವಾಗುತ್ತವೆ. ಬಿಡಿಯಾಗಿ ನೋಡಿದರೆ ಪ್ರತಿಯೊಬ್ಬನೂ ನೂರಕ್ಕೆ ತೊಂಬತ್ತೊಂಬತ್ತು ಪಾಲು ಸರಿ. ಒಟ್ಟಾಗಿ ನೋಡಿದರೆ ಹೆಚ್ಚಿನವರಿಗೆ ತೊಂದರೆ. ಆದ್ದರಿಂದ ಬಲ್ಲವರು ಸರಾಸರಿಯನ್ನು ಬಿಟ್ಟು, ಅತ್ಯಂತ ಕಷ್ಟಪಟ್ಟ ಗಿರಾಕಿಯ ಅನುಭವವನ್ನು ಅಳೆಯುತ್ತಾರೆ.

ದಾವಣಗೆರೆಯ ಆ ಯುವಕನೂ ಕೊನೆಗೆ ಇಂಥದೊಂದು ಹಾದಿಯನ್ನೇ ಹಿಡಿದ. ಒಂದೊಂದು ಕಡತಕ್ಕೂ ಒಂದೊಂದು ಸಲ ಡಿಸ್ಕಿಗೆ ಹೋಗುವ ಬದಲು, ಕ್ಷಣಮಾತ್ರದಲ್ಲಿ ಬಂದ ಹಲವನ್ನು ಒಟ್ಟುಗೂಡಿಸಿ ಒಂದೇ ಸಲ ಇಳಿಸಿ, ಆಮೇಲೆ ಎಲ್ಲರಿಗೂ ‘ಬರೆದಾಯಿತು’ ಎಂದು ಉತ್ತರಿಸುವಂತೆ ಮಾಡಿದ. ಮೊದಲ ಉಪಾಯದಷ್ಟು ವೇಗ ಬರಲಿಲ್ಲ. ದೂರು ನಿಲ್ಲುವಷ್ಟು ಬಂತು. ಅವಸರವೇ ಮುಖ್ಯವೆನ್ನುವವರಿಗೆ ಇನ್ನೊಂದು ಆಯ್ಕೆಯನ್ನು ಬೇರೆಯಾಗಿ ಇಟ್ಟು, ವಿದ್ಯುತ್ತು ಹೋದರೆ ಏನು ನಷ್ಟವಾಗಬಹುದೆಂಬುದನ್ನು ಕೈಪಿಡಿಯಲ್ಲಿ ಬರೆದ. ಬದಲಾವಣೆ ಹೊರಬೀಳುವ ಮುನ್ನ ಮತ್ತೆ ಮತ್ತೆ ವಿದ್ಯುತ್ತು ಕಡಿದು ನೋಡಲು ಅವನಿಗೆ ಮೂರು ವಾರ ಹಿಡಿಯಿತು. ಆ ಮೂರು ವಾರಕ್ಕಾಗಿ ಅವನಿಗೆ ಪ್ರಶಂಸೆಯೇನೂ ದೊರೆಯಲಿಲ್ಲ. ಕಳೆಯದೆ ಉಳಿದ ಕಡತಕ್ಕಾಗಿ ಯಾರೂ ಕೃತಜ್ಞತೆ ಹೇಳುವುದಿಲ್ಲ.

ಸಂಘಸಂಸ್ಥೆಗಳ ಲೆಕ್ಕಪತ್ರಗಳೂ ಮನೆಗಳ ದಾಖಲೆಗಳೂ ಗಣಕಯಂತ್ರವನ್ನು ಸೇರಿರುವ ಈ ಕಾಲದಲ್ಲಿ ಇದರಿಂದ ಕಲಿಯಬೇಕಾದುದು ಎಲ್ಲರಿಗೂ ಇದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಕಣ್ತಪ್ಪಿನಿಂದ ಮುಖ್ಯ ದತ್ತಸಂಚಯವೇ ಅಳಿಸಿಹೋಯಿತು. ದಿನವೂ ಆಗುತ್ತಿದೆಯೆಂದು ನಂಬಿದ್ದ ಮೀಸಲು ಪ್ರತಿಗಳು ಆಗುತ್ತಲೇ ಇರಲಿಲ್ಲ; ಅವು ವಿಫಲವಾದ ಸುದ್ದಿ ಹೊತ್ತ ಪತ್ರಗಳೂ ತಲುಪಬೇಕಾದವರನ್ನು ತಲುಪಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರೊಂದು ಉದ್ದೇಶಕ್ಕೆ ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಆ ಸಂಸ್ಥೆ ನಡೆದುದನ್ನು ಮುಚ್ಚಿಡದೆ ಜನರ ಮುಂದಿಟ್ಟದ್ದು ಮೆಚ್ಚತಕ್ಕ ನಡತೆ. ಮೀಸಲು ಪ್ರತಿ ಇದೆ ಎಂಬ ನಂಬಿಕೆ ಸಾಲದು. ವರ್ಷಕ್ಕೆ ಒಂದೆರಡು ಸಲವಾದರೂ ಅದರಿಂದ ಲೆಕ್ಕವನ್ನು ಮರಳಿ ತೆಗೆದು, ಒಂದು ತಿಂಗಳ ಜಮಾಖರ್ಚನ್ನು ಮೂಲದೊಡನೆ ತಾಳೆ ನೋಡಬೇಕು. ಅದನ್ನು ನೋಡಿದವರ ಹೆಸರನ್ನೂ ದಿನಾಂಕವನ್ನೂ ಬರೆದಿಡಬೇಕು. ತಾಳೆಯಾದ ಮೇಲೆಯೇ ‘ಬರೆದಾಯಿತು’ ಎನ್ನಬೇಕು.