ಅಮ್ಮನ ಫೋನಿನ ಬ್ಯಾಟರಿ

ಕಳೆದ ಜುಲೈನ ಒಂದು ರಾತ್ರಿ ಅಮ್ಮನ ಫೋನ್ ಸ್ವಿಚ್ ಆಫ್ ಆಗಿತ್ತು. ಅಪ್ಪ ಹೋದ ಮೇಲೆ ಕೊಪ್ಪದ ಹತ್ತಿರದ ತೋಟದ ಮನೆಯಲ್ಲಿ ಅವಳೊಬ್ಬಳೇ. ಪುಣೆಯಲ್ಲಿ ಕೂತ ನನಗೆ ಆ ಕಡೆ ಮಳೆ ಜೋರಾಗಿದೆ ಎಂಬುದಷ್ಟೇ ಗೊತ್ತಿತ್ತು. ಹತ್ತೂವರೆಯವರೆಗೆ ಪ್ರಯತ್ನಿಸಿ, ಕೊನೆಗೆ ಪಕ್ಕದ ತೋಟದವರನ್ನು ಎಬ್ಬಿಸಿದೆ. ಅವರು ಟಾರ್ಚ್ ಹಿಡಿದು, ಸಂಕ ದಾಟಿ ಹೋಗಿ ಬಾಗಿಲು ಬಡಿದರು. ಅಮ್ಮನಿಗೆ ಏನೂ ಆಗಿರಲಿಲ್ಲ. ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ, ಫೋನ್ ಸತ್ತಿತ್ತು, ಅವಳು ಮಲಗಿದ್ದಳು. ಅಷ್ಟೇ.

ಎರಡೇ ವರ್ಷದ ಫೋನ್, 5000 ಎಂಎಎಚ್ ಬ್ಯಾಟರಿ. ಅರ್ಧ ದಿನಕ್ಕೇ ಖಾಲಿಯಾಗುವುದೆಂದರೆ? ಹಿಂದೊಮ್ಮೆ ಅವಳು ಹೀಗೇ ದೂರಿದ್ದಾಗ, ಇಲ್ಲಿಂದಲೇ ಹೇಳಿಕೊಟ್ಟು ಬ್ಯಾಟರಿ ಸೇವರ್ ಹಾಕಿಸಿದ್ದೆ. ಹಿನ್ನೆಲೆಯ ಡೇಟಾ ನಿಂತು, ಮೊಮ್ಮಗಳ ಫೋಟೋಗಳು ಸಮಯಕ್ಕೆ ಬರುತ್ತಿರಲಿಲ್ಲ. "ಉಳಿಸಿ ಏನು ಮಾಡೋದು ಮಾರಾಯ, ಮಗು ಮುಖಾನೇ ಕಾಣಲ್ವಲ್ಲ" ಎಂದು ಅವಳೇ ಯಾರಿಂದಲೋ ಅದನ್ನು ತೆಗೆಸಿದ್ದಳು.

ಆಗಸ್ಟಿನಲ್ಲಿ ಊರಿಗೆ ಹೋದಾಗ ಫೋನ್ ಎಲ್ಲಿದೆ ಎಂದು ನೋಡಿದೆ. ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿ, ಬೆಂಕಿಪೊಟ್ಟಣದ ಜೊತೆ! ಮಳೆಗಾಲದಲ್ಲಿ ಥಂಡಿ ಹಿಡಿಯಬಾರದು ಎಂದು ಉಪ್ಪು, ಬೆಂಕಿಪೊಟ್ಟಣ ಇಡುವ ಜಾಗ ಅದು. ಫೋನಿಗೂ ಅದೇ ಮರ್ಯಾದೆ. ಚಾರ್ಜರಿನ ವಯರು ಹಗಲೂ ರಾತ್ರಿ ಸಿಕ್ಕಿಸಿಯೇ ಇತ್ತು. "ನಿನ್ನ ಫೋನ್ ಬರೋ ಹೊತ್ತಿಗೆ ಚಾರ್ಜ್ ಇಲ್ದಿದ್ರೆ?" ಎಂದಳು.

ನನಗೆ ಉತ್ತರ ಅಲ್ಲೇ ಸಿಕ್ಕಿತು. ನಮ್ಮ ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಅದಕ್ಕೆ ಮೊದಲ ಶತ್ರು ಶಾಖ. ಬಿಸಿ ಹೆಚ್ಚಿದಷ್ಟೂ ಒಳಗಿನ ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗಿ, ಅದರ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಎರಡನೆಯದು, ಸದಾ ನೂರರಲ್ಲೇ ಇರುವುದು. ತುಂಬಿದ ಬ್ಯಾಟರಿಯ ವೋಲ್ಟೇಜ್ ಹೆಚ್ಚು, ಆ ಒತ್ತಡದಲ್ಲಿ ಅದು ಬೇಗ ಮುದಿಯಾಗುತ್ತದೆ. 20ರಿಂದ 80ರ ನಡುವೆ ಇದ್ದರೆ ಅದಕ್ಕೆ ಆರಾಮ. ಪೂರ್ತಿ ಖಾಲಿಯಾದ ಮೇಲೇ ಚಾರ್ಜ್ ಮಾಡಬೇಕು ಎಂಬ ಮಾತು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು, ಈಗಿನದಕ್ಕೆ ಹೊಂದುವುದಿಲ್ಲ.

ಮೂರನೆಯದನ್ನು ನಾನು ಪುಣೆಯಲ್ಲಿ ಕೂತು ಊಹಿಸಿಯೇ ಇರಲಿಲ್ಲ. ದಪ್ಪ ಮಣ್ಣಿನ ಗೋಡೆಯ ಆ ಮೂಲೆಯಲ್ಲಿ ಸಿಗ್ನಲ್ ಒಂದು ಕಡ್ಡಿ, ಅದೂ ಬಂದು ಹೋಗಿ ಮಾಡುತ್ತಿತ್ತು. ಸಿಗ್ನಲ್ ಕ್ಷೀಣವಾದಷ್ಟೂ ಫೋನ್ ಟವರನ್ನು ತಲುಪಲು ಹೆಚ್ಚು ಶಕ್ತಿ ಸುರಿಯುತ್ತದೆ. ತಪ್ಪಿಹೋದರೆ ಮತ್ತೆ ಹುಡುಕುತ್ತದೆ. ಯಾರೂ ಮುಟ್ಟದಿದ್ದರೂ ಅದು ಇಡೀ ದಿನ ಕೂಗಿ ಕೂಗಿ ಸುಸ್ತಾಗುತ್ತಿತ್ತು.

ಕುಗ್ಗಿದ ಬ್ಯಾಟರಿಯನ್ನು ಯಾವ ಸೆಟ್ಟಿಂಗೂ ಮರಳಿ ಹಿಗ್ಗಿಸದು. ಶಿವಮೊಗ್ಗಕ್ಕೆ ಹೋಗಿ ಹೊಸತು ಹಾಕಿಸಿದೆ. ಚಾರ್ಜಿಂಗ್ 80ಕ್ಕೆ ನಿಲ್ಲುವ ಆಯ್ಕೆ ಆ ಫೋನಿನಲ್ಲೇ ಇತ್ತು, ಆನ್ ಮಾಡಿದೆ. ಪರದೆಯ ಬೆಳಕು ತಗ್ಗಿಸಿದೆ. ಸಿಗ್ನಲ್ ಮೂರು ಕಡ್ಡಿ ಬರುವ ಜಗುಲಿಯ ಕಿಟಕಿಯ ಬಳಿ ಒಂದು ಹಲಗೆ ಹೊಡೆದು, ಫೋನಿನ ಜಾಗ ಇದೇ ಎಂದೆ. ರಾತ್ರಿ ಏರೋಪ್ಲೇನ್ ಮೋಡಿಗೆ ಹಾಕಿದರೆ ಇನ್ನೂ ಉಳಿಯುತ್ತದೆ ಎಂದೂ ಹೇಳಿದೆ.

"ಅದೊಂದು ಬೇಡ" ಎಂದಳು ಅಮ್ಮ. "ಹೊತ್ತಲ್ಲದ ಹೊತ್ತಲ್ಲಿ ನಿನಗೇನಾದ್ರೂ ಆದ್ರೆ ನಂಗೆ ಗೊತ್ತಾಗೋದು ಹೇಗೆ?"

ಅವಳಿಗೇನಾಯಿತೋ ಎಂದು ನಾನು ಇಲ್ಲಿ ನಿದ್ದೆಗೆಟ್ಟಿದ್ದೆ. ನನಗೇನಾದರೂ ಆದೀತೆಂದು ಅವಳು ಅಲ್ಲಿ ವಯರು ಕಿತ್ತಿರಲಿಲ್ಲ. ಆ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಬದಲಿಗೆ ಒಂದು ಹೊತ್ತು ಗೊತ್ತುಮಾಡಿದೆ. ಮೊದಲು ಆಫೀಸಿನಿಂದ ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿದಾಗ, ಮೀಟಿಂಗ್ ಮುಗಿದಾಗ, ಅಂತೂ ನನಗೆ ಬಿಡುವಾದಾಗ ಫೋನ್ ಮಾಡುತ್ತಿದ್ದೆ. ಅವಳು ಇಡೀ ದಿನ ಕಾಯುತ್ತಿದ್ದಳು. ಈಗ ರಾತ್ರಿ ಎಂಟೂವರೆ ಎಂದರೆ ಎಂಟೂವರೆ. ಕರೆಂಟ್ ಹೋದ ದಿನಗಳಿಗೆಂದು ಒಂದು ಕೀಪ್ಯಾಡ್ ಫೋನನ್ನೂ ತೆಗೆದುಕೊಟ್ಟಿದ್ದೇನೆ.

ಊರಲ್ಲಿ ವಯಸ್ಸಾದವರನ್ನು ಬಿಟ್ಟು ಬಂದಿರುವ ನೀವೂ ಮುಂದಿನ ಸಲ ಹೋದಾಗ, ಅವರ ಫೋನಿನ ಸೆಟ್ಟಿಂಗ್ ತೆರೆಯುವ ಮೊದಲು ಅದನ್ನು ಎಲ್ಲಿ ಇಡುತ್ತಾರೆ, ಏಕೆ ಇಡುತ್ತಾರೆ ಎಂದು ನೋಡಿ.

ಈಗ ಎಂಟೂವರೆಗೆ ಫೋನ್ ಮಾಡಿದರೆ ಅಮ್ಮ ಹಲೋ ಎನ್ನುವುದಿಲ್ಲ. "ಅರವತ್ತೆರಡು ಇದೆ, ಮಾತಾಡು" ಎನ್ನುತ್ತಾಳೆ.