ಚೌಕಿಯ ಬಾಗಿಲ ಬೆಳಕು

ಮೇಷ್ಟರ ಸಂಬಳದಲ್ಲಿ ಉಳಿಸಿ ನಾನೊಂದು ಹಳೆಯ ಕ್ಯಾಮೆರಾ ಕೊಂಡದ್ದೇ ತಡ, ಊರಿನ ಮದುವೆ, ಮುಂಜಿ, ಶಾಲಾ ವಾರ್ಷಿಕೋತ್ಸವಗಳ ಪುಕ್ಕಟೆ ಕೆಲಸ ಹೆಗಲೇರಿತು. ನಾಲ್ಕು ಜನ ಹೊಗಳಿದ ಮೇಲೆ ಬೆಳಕಿನ ವಿಷಯ ನನಗೆ ತಿಳಿಯದ್ದೇನಿಲ್ಲ ಎಂಬ ಭ್ರಮೆಯೂ ಬಂತು.

1995ರ ಮೇ ತಿಂಗಳು. ಪುತ್ತೂರಿನ ಸಮೀಪ ಕೊಯ್ಲಾದ ಗದ್ದೆಯಲ್ಲಿ ತೆಂಕುತಿಟ್ಟಿನ ಬಯಲಾಟ. ಚೌಕಿಯಲ್ಲಿ ಹಿರಿಯ ಬಣ್ಣದ ವೇಷಧಾರಿಯೊಬ್ಬರು ಅಕ್ಕಿ, ಸುಣ್ಣ ಅರೆದ ಹಿಟ್ಟಿನಿಂದ ಮುಖಕ್ಕೆ ಚುಟ್ಟಿ ಇಡುತ್ತಿದ್ದರು. ಮುಳ್ಳಿನಂತೆ ಏಳುವ ಆ ಬಿಳಿ ಚುಕ್ಕಿಗಳ ಸಾಲು ಮುಗಿಯಲು ಗಂಟೆಗಟ್ಟಲೆ ಬೇಕು. ಕನ್ನಡಿಯಿಂದ ಕಣ್ಣು ತೆಗೆಯದೆ ಅವರೆಂದರು: "ಮಾಷ್ಟ್ರೇ, ನಂದೊಂದು ಪಟ ತೆಗೆದು ಕೊಡ್ತೀರಾ? ನಲ್ವತ್ತು ವರ್ಷ ವೇಷ ಮಾಡಿದೆ, ಮನೆಯಲ್ಲಿ ಒಂದೂ ಇಲ್ಲ. ಈ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದಿಲ್ಲ."

ರಂಗಸ್ಥಳದಲ್ಲಿ ಟ್ಯೂಬ್‌ಲೈಟು, ಬಲ್ಬು ಎರಡೂ ಇದ್ದವು. ವೇಷ ಪ್ರವೇಶಿಸುವಾಗ ಇಬ್ಬರು ದೊಂದಿ ಹಿಡಿದು ರಾಳದ ಪುಡಿ ಎರಚಿದರು, ಬೆಂಕಿ ಭಗ್ಗೆಂದಿತು. ನಮ್ಮ ಕಣ್ಣಿಗೆ ಇವೆಲ್ಲ ಬರೀ ಬೆಳಕು. ಫಿಲ್ಮಿಗೆ ಹಾಗಲ್ಲ. ಹಗಲಿನ ಫಿಲ್ಮು ಸುಮಾರು 5500 ಕೆಲ್ವಿನ್ನಿನ ಬೆಳಕನ್ನಷ್ಟೇ ಬಿಳಿ ಎಂದು ಒಪ್ಪುತ್ತದೆ. 2800ರ ಆಸುಪಾಸಿನ ಬಲ್ಬು ಅದಕ್ಕೆ ಕಿತ್ತಳೆ, ದೊಂದಿ ಇನ್ನೂ ಕೆಂಪು, ಟ್ಯೂಬ್‌ಲೈಟು ಹಸಿರು. ಈ ಗಲಾಟೆಯೇ ಬೇಡವೆಂದು ನಾನು ಫ್ಲಾಶ್ ಹೊಡೆದೆ.

ಪ್ರಿಂಟು ಬಂದಾಗ ಎದೆ ಧಸಕ್ಕೆಂದಿತು. ಚುಟ್ಟಿಯ ಮುಳ್ಳುಗಳೆಲ್ಲ ಚಪ್ಪಟೆಯಾಗಿ ಸೀಮೆಸುಣ್ಣ ಬಳಿದಂತಿದ್ದವು. ಕಿರೀಟದ ಬೇಗಡೆ, ಕನ್ನಡಿ ಚೂರುಗಳಲ್ಲಿ ಫ್ಲಾಶ್ ಪ್ರತಿಫಲಿಸಿ ಬಿಳಿ ಚುಕ್ಕೆಗಳೆದ್ದಿದ್ದವು. ಹಿಂದೆ ಬರೀ ಕತ್ತಲು. ಆದರೂ ಮುಂದಿನ ಆಟಕ್ಕೆ ಕೊಂಡುಹೋಗಿ ಕೊಟ್ಟೆ. ಅವರು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಚಂದ ಬಂದಿದೆ. ಬಣ್ಣ ಎಲ್ಲ ಉಂಟು," ಎಂದು ಸ್ವಲ್ಪ ತಡೆದು, "ರಕ್ಕಸ ಮಾತ್ರ ಇಲ್ಲ" ಎಂದರು.

ಪತ್ತನಾಜೆಗೆ ಮೂರೇ ದಿನ ಉಳಿದಿತ್ತು. ಆ ರಾತ್ರಿ ಫ್ಲಾಶನ್ನು ಚೀಲದಿಂದ ಹೊರತೆಗೆಯಲಿಲ್ಲ. ಬೆಳಗಿನ ಜಾವ ರಕ್ಕಸನ ವಧೆ ಮುಗಿದು ಅವರು ಚೌಕಿಯ ಬಾಗಿಲಿಗೆ ಬಂದಾಗ ಗಂಟೆ ಐದೂಮುಕ್ಕಾಲು. ಬಾಗಿಲಿಗೆ ನೇತುಹಾಕಿದ ಬಲ್ಬು ಒಂದು ಕೆನ್ನೆಯ ಮೇಲೆ. ಇನ್ನೊಂದು ಕೆನ್ನೆಯ ಮೇಲೆ ಸೂರ್ಯ ಇನ್ನೂ ಕಾಣದ ಆಕಾಶದ ನೀಲಿ. ಪಕ್ಕದಿಂದ ಬಿದ್ದ ಬೆಳಕಿಗೆ ಚುಟ್ಟಿಯ ಒಂದೊಂದು ಮುಳ್ಳಿಗೂ ಅದರದೇ ನೆರಳು. "ಅಲ್ಲೇ ನಿಲ್ಲಿ, ಉಸಿರು ಬಿಡಬೇಡಿ" ಎಂದೆ. ಇಡೀ ರಾತ್ರಿ ಕುಣಿದ ಮುದುಕ ಕಂಬದಂತೆ ನಿಂತರು. ಸೆಕೆಂಡಿನ 1/15 ಭಾಗ. ಹಾಗೆ ಮೂರು ಸಲ. ಎರಡರಲ್ಲಿ ನನ್ನ ಕೈಯೇ ನಡುಗಿತ್ತು.

ಸ್ಟುಡಿಯೋದವನು ಉಳಿದ ಒಂದನ್ನು ಸರಿಪಡಿಸಲು ಹೆಣಗಿದ. ಕಿತ್ತಳೆ ತೆಗೆದರೆ ನೀಲಿ ಹೆಚ್ಚುತ್ತಿತ್ತು, ನೀಲಿ ತೆಗೆದರೆ ಕಿತ್ತಳೆ. ಈಗಿನ ಡಿಜಿಟಲ್ ಕ್ಯಾಮೆರಾದಲ್ಲೂ ಬಿಳಿ ಯಾವುದೆಂದು ಆಮೇಲೆ ಆರಿಸಬಹುದು, ಆದರೆ ಒಂದೇ ಮುಖಕ್ಕೆ ಎರಡು ಬೆಳಕು ಬಿದ್ದಿದ್ದರೆ ಒಂದೇ ತಿದ್ದುಪಡಿ ಎರಡಕ್ಕೂ ಒಗ್ಗುವುದಿಲ್ಲ.

ಹೇಳಿದಂತೆಯೇ ಅವರು ಮತ್ತೆ ಗೆಜ್ಜೆ ಕಟ್ಟಲಿಲ್ಲ. ಹಲವು ಮೇಳಗಳ ಆಟ ಈಗ ನಡುರಾತ್ರಿಗೇ ಮುಗಿಯುವುದರಿಂದ, ಬೆಳಗಿನ ಬೆಳಕಿಗೆ ಬಣ್ಣದ ವೇಷ ಸಿಗುವುದೂ ಅಪರೂಪವಾಗಿದೆ.

ಅವರು ತೀರಿಕೊಂಡಾಗ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಆ ಪಟ ತೂಗುತ್ತಿತ್ತು. ಗಾಜು ಒರೆಸಲೆಂದು ಮೊಮ್ಮಗಳು ಅದನ್ನು ಇಳಿಸಿದಳು. ಹಿಂಬದಿಯಲ್ಲಿ ಸ್ಟುಡಿಯೋದವನ ಅಕ್ಷರ ಇನ್ನೂ ಅಳಿಸಿರಲಿಲ್ಲ: "ಕಲರ್ ಸರಿ ಬಂದಿಲ್ಲ. ಹಣ ಬೇಡ."