ಎರಡೂ ಕಾಲು ನೆಲ ಬಿಟ್ಟ ಗಳಿಗೆ

ನರಗುಂದದಲ್ಲಿ ಮುಂಜಾನೆ ಓಡುವವರು ಬಹಳ ಮಂದಿ. ಪೊಲೀಸ್ ಪೇದೆ ಹುದ್ದೆಗೆ ಅರ್ಜಿ ಹಾಕಿದವರು, ಸೇನಾ ಭರ್ತಿಗೆ ಕಾದು ಕೂತವರು, ಸಕ್ಕರೆ ಕಾಯಿಲೆಗೆ ಹೆದರಿ ನಡಿಗೆಯಿಂದ ಓಟಕ್ಕೆ ಬಂದ ಅಂಗಡಿಕಾರರು, ಕಾಲೇಜಿನ ಹುಡುಗಿಯರು. ಕೆಲವರಿಗೆ ಗುಡ್ಡದ ಬುಡ, ಕೆಲವರಿಗೆ ಮೈದಾನ, ಕೆಲವರಿಗೆ ಕಾಲುವೆಯ ದಂಡೆ. ಹುಡುಗರ ಬಾಯಲ್ಲಿ ಸದಾ 1600 ಮೀಟರಿನ ಮಾತು, ಪೊಲೀಸ್ ದೈಹಿಕ ಪರೀಕ್ಷೆಯಲ್ಲಿ ಅವರು ಓಡಿ ತೋರಿಸಬೇಕಾದ ದೂರ ಅದು. ಓಟ ಮುಗಿದ ಮೇಲೆ ಎಲ್ಲರ ಕೈಗೂ ಫೋನು ಬರುತ್ತದೆ. ಬೆವರಿದ ಮುಖ, ಎತ್ತಿದ ಹೆಬ್ಬೆರಳು, ಹಿಂದೆ ನರಗುಂದದ ಅರಸ ಬಾಬಾಸಾಹೇಬನ ಕೋಟೆ ಇದ್ದ ಗುಡ್ಡ. ಚಹಾ ಕುಡಿಯುವ ಹೊತ್ತಿಗೆ ಅದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಏರಿರುತ್ತದೆ.

ಆ ಫೋಟೊಗಳನ್ನು ನಾನು ಅಕ್ಕರೆಯಿಂದ ನೋಡುತ್ತೇನೆ. ಆದರೆ ಅವುಗಳಲ್ಲಿ ಓಟ ಕಾಣುವುದಿಲ್ಲ, ಓಡಿ ಮುಗಿಸಿದ ಮನುಷ್ಯ ಕಾಣುತ್ತಾನೆ. ನಸುಕಿನಲ್ಲಿ ಎದ್ದು, ನಿದ್ದೆ ಕೊಡವಿ, ಉಸಿರು ಕಟ್ಟಿ ಮಾಡಿದ ಕೆಲಸದ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ 2008ರಿಂದ ನಡೆಯುವ 10ಕೆಯಂಥ ದೊಡ್ಡ ಓಟಗಳಾದರೆ ದಾರಿಯುದ್ದಕ್ಕೂ ಛಾಯಾಗ್ರಾಹಕರು ನಿಂತಿರುತ್ತಾರೆ. ಎದೆಯ ಮೇಲಿನ ನಂಬರಿನಿಂದ ನಮ್ಮ ಚಿತ್ರ ಹುಡುಕಿಕೊಳ್ಳಬಹುದು. ನರಗುಂದದ ಕಾಲುವೆ ದಂಡೆಗೆ ಆರು ಗಂಟೆಗೆ ಯಾವ ಛಾಯಾಗ್ರಾಹಕ ಬರುತ್ತಾನೆ? ಓಡುವವರು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳಬೇಕು. ಅದು ಸಾಧ್ಯ ಎಂಬುದನ್ನೂ, ಅದಕ್ಕೆ ತಕ್ಕ ಗೌರವ ಇದೆ ಎಂಬುದನ್ನೂ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಓಡುತ್ತ ತನ್ನ ಚಿತ್ರ ತಾನೇ ತೆಗೆದುಕೊಂಡ ಮೊದಲಿಗರಲ್ಲಿ ಒಂದು ಕುದುರೆಯ ಹೆಸರು ಹೇಳಬೇಕು. 1878ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಟದ ದಾರಿಯ ಬದಿಗೆ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟ. ದಾರಿಗೆ ಅಡ್ಡವಾಗಿ ದಾರಗಳನ್ನು ಕಟ್ಟಿ ಒಂದೊಂದು ದಾರಕ್ಕೆ ಒಂದೊಂದು ಕ್ಯಾಮೆರಾದ ಶಟರನ್ನು ಹೊಂದಿಸಿದ. ಸ್ಯಾಲಿ ಗಾರ್ಡ್ನರ್ ಎಂಬ ಕುದುರೆ ನಾಗಾಲೋಟದಲ್ಲಿ ಬಂದು ದಾರಗಳನ್ನು ಕಡಿಯುತ್ತ ಹೋದ ಹಾಗೆ ಕ್ಯಾಮೆರಾಗಳು ಒಂದರ ಹಿಂದೆ ಒಂದು ಕಣ್ಣು ತೆರೆದು ಮುಚ್ಚಿದವು. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಯಾದರೂ ನೆಲ ಬಿಡುತ್ತವೆಯೇ ಎಂಬ ಹಳೆಯ ವಾದಕ್ಕೆ ಉತ್ತರ ಸಿಕ್ಕಿತು: ಬಿಡುತ್ತವೆ. ಆದರೆ ಬಿಡುವ ಗಳಿಗೆ ಚಿತ್ರಕಾರರು ಕಲ್ಪಿಸಿಕೊಂಡಿದ್ದ ಗಳಿಗೆಯಲ್ಲ. ಅವರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಕುದುರೆಯನ್ನು ತೇಲಿಸುತ್ತಿದ್ದರು. ನಿಜದಲ್ಲಿ ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಮಡಚಿ ಬಂದಾಗ ಅದು ಗಾಳಿಯಲ್ಲಿತ್ತು. ತಲೆತಲಾಂತರದಿಂದ ಕುದುರೆ ನೋಡಿದ ಕಣ್ಣಿಗೆ ಇದು ಸಿಕ್ಕಿರಲಿಲ್ಲ.

ಮನುಷ್ಯನ ಓಟದಲ್ಲಿಯೂ ಇಂಥದೇ ಗಳಿಗೆ ಇದೆ. ನಡೆಯುವಾಗ ಒಂದಲ್ಲ ಒಂದು ಪಾದ ನೆಲದ ಮೇಲೆ ಇದ್ದೇ ಇರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಎರಡೂ ಪಾದ ನೆಲ ಬಿಟ್ಟಿರುವ ಚೂರು ಹೊತ್ತು ಬರುತ್ತದೆ. ನಿಮಿಷಕ್ಕೆ ಸುಮಾರು 170 ಹೆಜ್ಜೆ ಹಾಕುವವನಿಗೆ ಒಂದು ಹೆಜ್ಜೆ ಸೆಕೆಂಡಿನ ಮೂರನೇ ಒಂದು ಪಾಲು. ಅದರಲ್ಲಿ ಗಾಳಿಯಲ್ಲಿರುವುದು ಸರಿಸುಮಾರು ಹತ್ತನೇ ಒಂದು ಪಾಲು ಸೆಕೆಂಡು. ಒಳ್ಳೆಯ ಚಿತ್ರ ಅಷ್ಟರಲ್ಲಿದೆ. ಹಿಂದಿನ ಪಾದದ ಹೆಬ್ಬೆರಳು ನೆಲ ಬಿಟ್ಟ ಕೂಡಲೇ ಹಿಂಗಾಲು ನೀಳವಾಗಿರುತ್ತದೆ, ಮುಂದಿನ ಮೊಣಕಾಲು ಎತ್ತರದಲ್ಲಿರುತ್ತದೆ, ಎದೆ ತೆರೆದಿರುತ್ತದೆ.

ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಭರ್ತಿಗೆ ತಯಾರಾಗುತ್ತಿರುವ ಒಬ್ಬ ಹುಡುಗ ನನ್ನೆದುರು ಫೋನು ಹಿಡಿದು ಚೆನ್ನಾಗಿ ಹೇಳಿದ್ದ.

“ಕಾಕಾ, ಓಡೂ ಫೋಟೊದಾಗ ನಾ ಕುಂತಂಗ ಕಾಣ್ತೀನ್ರೀ. ಹಿಂಗ್ಯಾಕ?”

“ನೀ ಕುಂತಿಲ್ಲಪಾ. ನೆಲಾ ಒದೀಬೇಕಂತ ಮೊಣಕಾಲು ಮಡಚೀದಿ. ಫೋಟೊ ಒಂಚೂರು ಲಗೂನ ಬಂದೈತಿ, ಅಷ್ಟ.”

ಮೈಯ ಪೂರಾ ಭಾರ ಒಂದೇ ಕಾಲಿನ ಮೇಲೆ ಇಳಿದು ಮೊಣಕಾಲು ಬಾಗಿದಾಗ ತೆಗೆದ ಚಿತ್ರದಲ್ಲಿ ಎಂಥ ಗಟ್ಟಿ ಓಟಗಾರನೂ ದಣಿದು ಕುಸಿದಂತೆ ಕಾಣುತ್ತಾನೆ. ಅಂಥ ಚಿತ್ರ ಬಂದರೆ ಮನಸ್ಸು ಸಣ್ಣದು ಮಾಡಿಕೊಳ್ಳಬಾರದು. ಅದರ ಮುಂದಿನದೋ ಹಿಂದಿನದೋ ಚಿತ್ರವನ್ನು ನೋಡಬೇಕು. ಅದಕ್ಕಾಗಿಯೇ ಒಂದರ ಬದಲು ಒಂದು ಸರಣಿ ತೆಗೆಯಬೇಕು. ಈಗಿನ ಫೋನುಗಳು ಬರ್ಸ್ಟ್ ಮೋಡ್‌ನಲ್ಲಿ ಸೆಕೆಂಡಿಗೆ ಹತ್ತರಷ್ಟು ಚಿತ್ರ ತೆಗೆಯುತ್ತವೆ. ನಾಲ್ಕೈದು ಹೆಜ್ಜೆ ಚೌಕಟ್ಟಿನೊಳಗೆ ಓಡಿದರೆ ಒಂದೆರಡರಲ್ಲಾದರೂ ಪಾದಗಳು ನೆಲ ಬಿಟ್ಟಿರುತ್ತವೆ.

ಇನ್ನು ಶಟರಿನ ಮಾತು. ತಾಸಿಗೆ 10 ಕಿಲೋಮೀಟರ್ ವೇಗದಲ್ಲಿ ಓಡುವವನು ಸೆಕೆಂಡಿಗೆ ಸುಮಾರು 2.8 ಮೀಟರ್ ಮುಂದೆ ಹೋಗುತ್ತಾನೆ. ಶಟರು ಸೆಕೆಂಡಿನ 60ನೇ ಒಂದು ಪಾಲು ತೆರೆದಿದ್ದರೆ ಅಷ್ಟರಲ್ಲಿ ಮೈ ನಾಲ್ಕೂವರೆ ಸೆಂಟಿಮೀಟರ್ ಸರಿದಿರುತ್ತದೆ. ಬೀಸಿ ಬರುವ ಪಾದವಂತೂ ಅದಕ್ಕಿಂತ ಹೆಚ್ಚು ಸರಿದು ಅಳಿಸಿಹೋದಂತೆ ಕಾಣುತ್ತದೆ. 1000ನೇ ಒಂದು ಪಾಲಿಗೆ ತಂದರೆ ಮೈ ಸರಿಯುವುದು ಮೂರು ಮಿಲಿಮೀಟರಿಗೂ ಕಡಿಮೆ, ಬೂಟಿನ ಲೇಸು ಕೂಡ ಎಣಿಸುವಷ್ಟು ಸ್ಪಷ್ಟ. ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ಇದ್ದರೆ ಇದನ್ನು ನಾವೇ ಹೊಂದಿಸಬಹುದು. ಇಲ್ಲದಿದ್ದರೆ ಬೆಳಕನ್ನೇ ನಂಬಬೇಕು. ನಸುಕಿನ ಮಬ್ಬಿನಲ್ಲಿ ಫೋನು ತಾನಾಗಿಯೇ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಹೊತ್ತು ಮೂಡಿ ಅರ್ಧ ತಾಸಾದ ಮೇಲೆ, ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿರುವಾಗ ಎರಡೂ ಸಿಗುತ್ತವೆ: ಸಾಕಷ್ಟು ಬೆಳಕು, ಮೈಯ ಮೇಲೆ ಹೊಂಬಣ್ಣ.

ಫೋನನ್ನು ಎಲ್ಲಿಡಬೇಕು ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಇದಕ್ಕೆ ನರಗುಂದದ ಎರಿಭೂಮಿ ಕೊಡುವ ಉತ್ತರವನ್ನು ಮಲೆನಾಡು ಕೊಡಲಾರದು. ಗುಡ್ಡವೊಂದನ್ನು ಬಿಟ್ಟರೆ ನಮ್ಮಲ್ಲಿ ಕಣ್ಣು ಹೋದಷ್ಟು ದೂರ ಸಪಾಟು. ಸಪಾಟು ನೆಲದಲ್ಲಿ ಒಂದು ನಿಯಮವಿದೆ: ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ, ದಿಗಂತದ ಗೆರೆ ಓಡುವವನ ಮೈಯನ್ನು ಅಷ್ಟೇ ಎತ್ತರದಲ್ಲಿ ಹಾಯುತ್ತದೆ. ಗೆಳೆಯ ನಿಂತು ಎದೆಮಟ್ಟದಲ್ಲಿ ಫೋನು ಹಿಡಿದರೆ ಗೆರೆ ನಮ್ಮ ಎದೆಯ ಹತ್ತಿರ ಹಾಯುತ್ತದೆ, ಕಾಲುಗಳು ಕರಿಮಣ್ಣಿನ ಬಣ್ಣದಲ್ಲಿ ಕರಗುತ್ತವೆ. ಫೋನು ನೆಲದಲ್ಲಿ ಗಿಣ್ಣಿನ ಮಟ್ಟಕ್ಕೆ ಇದ್ದರೆ ಗೆರೆ ಗಿಣ್ಣಿನ ಹತ್ತಿರ ಬರುತ್ತದೆ; ಇಡೀ ಮನುಷ್ಯ ಆಕಾಶದ ಎದುರು ನಿಲ್ಲುತ್ತಾನೆ. ಪಾದ ನೆಲ ಬಿಟ್ಟ ಆ ಚೂರು ಹೊತ್ತಿನಲ್ಲಿ ಪಾದಕ್ಕೂ ಭೂಮಿಗೂ ನಡುವೆ ಬೆಳಕು ಕಾಣುತ್ತದೆ. ಆ ಬೆಳಕಿನ ಗೆರೆ ಕಂಡ ಚಿತ್ರವನ್ನು ನಾನು ಎಂದೂ ಅಳಿಸಿಲ್ಲ.

ಹಾಗೆಂದು ಇದಕ್ಕೆ ದುಬಾರಿ ಸ್ಟ್ಯಾಂಡು ಬೇಕಿಲ್ಲ. ಎರಡು ಕಲ್ಲುಗಳ ನಡುವೆ ಫೋನನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಲೆನ್ಸು ನೆಲಕ್ಕೆ ಇನ್ನೂ ಹತ್ತಿರವಾಗುತ್ತದೆ. ಚಿತ್ರವನ್ನು ಆಮೇಲೆ ತಿರುಗಿಸಿಕೊಳ್ಳಬಹುದು. ನಾವು ಹಾಯುವ ಜಾಗದಲ್ಲಿ ಒಂದು ಹೆಂಟೆ ಇಟ್ಟು, ಫೋನಿನ ಪರದೆಯಲ್ಲಿ ಅದರ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸು ಅಲ್ಲಿಯೇ ನಿಲ್ಲುತ್ತದೆ. ಹತ್ತು ಸೆಕೆಂಡಿನ ಟೈಮರ್ ಹಾಕಿದರೆ ನಮ್ಮ ಕೈಯಲ್ಲಿ 28 ಮೀಟರ್ ಓಟ ಇರುತ್ತದೆ. ಅಷ್ಟರೊಳಗೆ ಹಿಂದೆ ಹೋಗಿ, ತಿರುಗಿ, ವೇಗ ಹಿಡಿದು ಬರಬೇಕು. ನನಗೆ ಇದಕ್ಕಿಂತ ಸರಿ ಕಂಡದ್ದು ಮುಷ್ಟಿಯೊಳಗೆ ಅಡಗುವ ಬ್ಲೂಟೂತ್ ಗುಂಡಿ. ಸೆಲ್ಫಿ ಸ್ಟಿಕ್ಕಿನ ಜೊತೆ ಬರುತ್ತದಲ್ಲ, ಅದೇ. ಹೆಂಟೆ ಮೂರು ಹೆಜ್ಜೆ ದೂರ ಇರುವಾಗ ಒತ್ತಬೇಕು. ಸ್ಯಾಲಿ ಗಾರ್ಡ್ನರ್ ದಾರ ಕಡಿದ ಹಾಗೆ ನಮ್ಮ ಓಟವೇ ನಮ್ಮ ಚಿತ್ರ ತೆಗೆಯುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಚಿತ್ರಕ್ಕಾಗಿ ಓಡಿದಂತೆ ನಟಿಸಬಾರದು. ಒಂದು ಕಾಲೆತ್ತಿ, ಕೈ ಮಡಚಿ, ಕ್ಯಾಮೆರಾ ನೋಡಿ ನಿಂತ ಚಿತ್ರದ ಸುಳ್ಳು ಮೊದಲು ಕುತ್ತಿಗೆಯಲ್ಲಿ, ಆಮೇಲೆ ಬೆರಳುಗಳಲ್ಲಿ ಕಾಣುತ್ತದೆ. ಮೈ ಬಿಸಿಯಾಗಿ, ಉಸಿರು ಒಂದು ಹದಕ್ಕೆ ಬಂದ ಮೇಲೆ ಫೋನು ಇಡಿ. ಫೋನಿನ ತನಕ ಓಡಬೇಡಿ, ಫೋನು ದಾಟಿ ಬಹು ದೂರ ಓಡಿ. ಕಣ್ಣು ಇಪ್ಪತ್ತು ಮಾರು ಮುಂದಿನ ದಾರಿಯ ಮೇಲಿರಲಿ.

ನಡೆಯನ್ನು ಹಿಡಿದು ನಿಲ್ಲಿಸುವ ಕಲೆ ನಮ್ಮ ಸೀಮೆಗೆ ಹೊಸದಲ್ಲ. ಬಾದಾಮಿ ನಮಗೆ ದೂರವಲ್ಲ. ಚಾಲುಕ್ಯರ ಮಂಗಳೇಶ ಕೊರೆಸಿದ, 578ರಲ್ಲಿ ಮುಗಿದ ಮೂರನೇ ಗುಹೆಯಲ್ಲಿ ತ್ರಿವಿಕ್ರಮ ಇದ್ದಾನೆ. ಒಂದು ಕಾಲು ನೆಲದಲ್ಲಿ ಊರಿದೆ, ಇನ್ನೊಂದು ಆಕಾಶ ಅಳೆಯಲು ಎದ್ದಿದೆ. ಕಾಲು ಮೇಲೇರುವ ಮೊದಲಿನದನ್ನೂ ಇಳಿದ ಮೇಲಿನದನ್ನೂ ಬಿಟ್ಟು ಶಿಲ್ಪಿ ಅದೊಂದೇ ಗಳಿಗೆಯನ್ನು ಆಯ್ದುಕೊಂಡ. ಐಹೊಳೆಯ ಹಾರುವ ಗಂಧರ್ವ ಜೋಡಿ ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅವರಿಗೆ ರೆಕ್ಕೆಗಳಿಲ್ಲ. ಮೊಣಕಾಲು ಮಡಚಿ ಪಾದಗಳು ಹಿಂದಕ್ಕೆ ಹೋಗಿವೆ, ಅಷ್ಟರಿಂದಲೇ ಅವರು ಗಾಳಿಯಲ್ಲಿದ್ದಾರೆಂದು ನಾವು ನಂಬುತ್ತೇವೆ. ಓಟದ ಚಿತ್ರಗಳ ಸರಣಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ತೋಚದಾಗ ನಾನು ಈ ಶಿಲ್ಪಿಗಳನ್ನು ನೆನೆಯುತ್ತೇನೆ. ಮಡಚಿದ ಹಿಂಗಾಲಿನ ಹಿಮ್ಮಡಿ ಮೇಲಕ್ಕೆ ಬಂದ ಚಿತ್ರವೇ ಬಹುಪಾಲು ಗೆಲ್ಲುತ್ತದೆ.

ವೇಗ ಕಾಣಬೇಕಾದರೆ ಮೈಯ ಸುತ್ತಲೂ ಏನಾದರೂ ಕದಡಬೇಕು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದ ಶ್ರೀನಿವಾಸ ಗೌಡರ ಚಿತ್ರ ದೇಶವೆಲ್ಲ ಸುತ್ತಿತು. 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂಬ ಲೆಕ್ಕ ಜನರನ್ನು ಬೆರಗುಗೊಳಿಸಿತು, ನಿಜ. ಆದರೆ ಆ ಲೆಕ್ಕ ಓದುವ ಮೊದಲೇ ಕೋಣಗಳ ಹಿಂದೆ ಚಿಮ್ಮಿದ ಕೆಸರು ನೀರು ವೇಗವನ್ನು ಹೇಳಿಬಿಟ್ಟಿತ್ತು. ನಮಗೆ ಕೆಸರುಗದ್ದೆ ಇಲ್ಲ, ಧೂಳಿದೆ. ಬೇಸಿಗೆಯಲ್ಲಿ ಬಂಡಿದಾರಿಯ ಹುಡಿಮಣ್ಣಿನಲ್ಲಿ ಸೂರ್ಯನಿಗೆ ಎದುರಾಗಿ ಫೋನು ಇಟ್ಟು ಓಡಿದರೆ ಹಿಮ್ಮಡಿಯ ಹಿಂದೆ ಎದ್ದ ಧೂಳು ಬೆಳಕು ಕುಡಿದು ಹೊಳೆಯುತ್ತದೆ. ಮಳೆಗಾಲದಲ್ಲಿ ಎರಿಮಣ್ಣಿಗೆ ಇಳಿಯುವ ಮಾತೇ ಬೇಡ, ಬೂಟಿಗೆ ಅಂಟಿದ ಮಣ್ಣು ಬಿಡಿಸಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ. ಹಿಂಗಾರಿಯ ಬಿಳಿಜೋಳ ಆಳೆತ್ತರ ಬೆಳೆದಾಗ ದಿಗಂತ ಮುಚ್ಚಿಹೋಗುತ್ತದೆ. ಆಗ ಕಡಲೆ ಹೊಲದ ಬದಿಯ ದಾರಿ ಹುಡುಕಬೇಕು.

ಕೆಲವು ಜಾಗಗಳಲ್ಲಿ ಫೋನು ಇಡಲೇಬಾರದು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಅಂಚು ಅದರಲ್ಲಿ ಮೊದಲನೆಯದು. ಲಾರಿ ಚಾಲಕನ ಕಣ್ಣಿಗೆ ಫೋನೂ ಬೀಳುವುದಿಲ್ಲ, ತಿರುಗಿ ಓಡಿಬರುವ ಹುಡುಗನೂ ಬೀಳುವುದಿಲ್ಲ. ತುಂಬಿ ಹರಿಯುವ ಕಾಲುವೆಯ ಅಂಚೂ ಹಾಗೆಯೇ. ಮೂರನೆಯದು ರೈತ ಹುತಾತ್ಮರ ವೀರಗಲ್ಲು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗುಂಡು ಹಾರಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ತೀರಿಕೊಂಡ ನೆನಪು ಅಲ್ಲಿದೆ. ಅದನ್ನು ನಮ್ಮ ಓಟದ ಹಿನ್ನೆಲೆ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಕೈಮುಗಿದು ಮುಂದೆ ಹೋಗಬೇಕು.

ತನ್ನ ಚಿತ್ರ ತಾನೇ ತೆಗೆದುಕೊಳ್ಳುವುದರ ಬೆಲೆ ಹೆಣ್ಣುಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಕಡೆ ಹುಡುಗಿ ಟ್ರ್ಯಾಕ್ ಪ್ಯಾಂಟು ಹಾಕಿ ದಾರಿಗಿಳಿದರೆ ಚಹಾದಂಗಡಿಯ ಮುಂದೆ ಕೂತವರ ತಲೆಗಳು ತಿರುಗುತ್ತವೆ. ಕೇಳದೆ ಫೋನು ಎತ್ತುವವರೂ ಇದ್ದಾರೆ. ಪೇದೆ ಪರೀಕ್ಷೆಗೆ ತಯಾರಾಗುತ್ತಿರುವ ನಮ್ಮ ಓಣಿಯ ಹುಡುಗಿಯೊಬ್ಬಳು ಕಾಲುವೆ ದಂಡೆಯಲ್ಲಿ ಓಡುವ ತನ್ನ ಚಿತ್ರವನ್ನು ಮನೆಯಲ್ಲಿ ತೋರಿಸಿದಾಗ ಅವರವ್ವ ಕೇಳಿದ ಮೊದಲ ಮಾತು, “ಯಾರು ತಗದಾರ ಇದನ್ನ?” ಎಂದು. “ನಾನ ತಗೊಂಡೀನವ್ವಾ” ಎಂದು ಅವಳು ಎರಡು ಕಲ್ಲು, ಗುಂಡಿ ಎಲ್ಲವನ್ನೂ ವಿವರಿಸಿದಳಂತೆ. ಆಮೇಲೆ ಅವ್ವ ಕನ್ನಡಕ ಹಾಕಿಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದರಂತೆ. ಮಗಳು ದಿನಾ ಮುಂಜಾನೆ ಎಲ್ಲಿಗೆ ಹೋಗುತ್ತಾಳೆಂಬುದು ಅವರಿಗೆ ಗೊತ್ತಿತ್ತು. ಅಲ್ಲಿ ಅವಳು ಹೇಗಿರುತ್ತಾಳೆಂಬುದನ್ನು ಕಂಡದ್ದು ಆವತ್ತೇ.

ಇಂಥ ಚಿತ್ರ ಓಟವನ್ನೂ ತಿದ್ದುತ್ತದೆ. ಕೈಗಳು ಎದೆಗೆ ಅಡ್ಡ ಬರುತ್ತಿವೆಯೇ, ಭುಜ ಕಿವಿಯ ಹತ್ತಿರ ಏರಿದೆಯೇ, ಪಾದ ಮೈಯಿಂದ ಬಹಳ ಮುಂದೆ ಬೀಳುತ್ತಿದೆಯೇ ಎಂಬುದನ್ನು ಓಡುವಾಗ ನಾವು ತಿಳಿಯಲಾರೆವು. ಕೋಚ್ ಇಲ್ಲದ ಊರಿನಲ್ಲಿ ಇದು ಸಣ್ಣ ಸಹಾಯವಲ್ಲ. ಭರ್ತಿಯ ಹುಡುಗರು ಸ್ಟೇಟಸ್ಸಿಗೆ ಹಾಕದೆ ಉಳಿಸಿದ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸಿ ತಿದ್ದಿಕೊಳ್ಳುವುದನ್ನು ಕಂಡಿದ್ದೇನೆ.

ನಮ್ಮ ಮನೆಗಳ ಗೋಡೆಯ ಮೇಲೆ ತೀರಿಕೊಂಡ ಹಿರಿಯರ ಫೋಟೊ ಇರುತ್ತದೆ, ಮದುವೆಯದು ಇರುತ್ತದೆ, ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕೂತದ್ದು ಇರುತ್ತದೆ. ದುಡಿಯುವ, ಬೆವರುವ, ಓಡುವ ಮೈಯ ಚಿತ್ರವನ್ನು ನಾನು ಕಂಡದ್ದು ಬಹಳ ಕಡಿಮೆ. ಫೋನು ಕೆಟ್ಟರೆ ಅದರೊಳಗಿನ ಚಿತ್ರವೂ ಹೋಗುತ್ತದೆ. ಮನೆಯಲ್ಲಿ ಮುಂಜಾನೆ ಎದ್ದು ಓಡುವ ಮಗನಿದ್ದರೆ, ಮಗಳಿದ್ದರೆ, ಅವರು ತಾವೇ ತೆಗೆದುಕೊಂಡ ಒಂದು ಚಿತ್ರವನ್ನು ಕೇಳಿ ಪಡೆಯಿರಿ. ಪೇಟೆಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಪಡಸಾಲೆಯ ಗೋಡೆಗೆ ತೂಗುಹಾಕಿರಿ. ಭರ್ತಿಯ ಫಲಿತಾಂಶ ಬರುವ ತನಕ ಕಾಯಬೇಡಿರಿ.